ಅಂಗೈ ಹುಣ್ಣಿಗೆ ಕನ್ನಡಿ ಬೇಕೆ?

(ಅಂತಿಮ ಬಿ.ಎ. ತರಗತಿಯ ವಿದ್ಯಾರ್ಥಿನಿಯೊಬ್ಬಳು)

ಅಂಗೈ ಹುಣ್ಣಿಗೆ ಕನ್ನಡಿ ಬೇಕೆ ಎಂಬುದು ನಮ್ಮಲ್ಲಿ ಬಹಳ ಹಳೆಯ ಮಾತು. ಕಣ್ಣೆದುರಿಗೇ ಇರುವುದಕ್ಕೆ ಬೇರೆ ಸಾಕ್ಷಿ ಏಕೆ ಎಂಬುದು ಅದರ ಅರ್ಥ. ಈ ಗಾದೆಯ ಹಿಂದೆ ಒಂದು ದೃಢವಾದ ನಂಬಿಕೆ ಇದೆ. ಹೊರಗಿನ ವಸ್ತುಗಳ ವಿಷಯದಲ್ಲಿ ನಾವು ಮೋಸಹೋಗಬಹುದು. ಮುಸ್ಸಂಜೆಯಲ್ಲಿ ಹಗ್ಗವನ್ನು ಹಾವೆಂದು ಭ್ರಮಿಸಬಹುದು. ಮರೀಚಿಕೆಯನ್ನು ನೀರೆಂದು ತಿಳಿಯಬಹುದು. ಆದರೆ ನಮ್ಮದೇ ಕೈ, ನಮ್ಮದೇ ಕಾಲು, ನಮ್ಮದೇ ಹೊಟ್ಟೆ, ಇವುಗಳ ವಿಷಯದಲ್ಲಿ ಮೋಸಹೋಗುವುದೆಂತು? ದೇಹವೆಂಬುದು ನಮಗೆ ಅತ್ಯಂತ ಸಮೀಪದ ವಸ್ತು. ಆದುದರಿಂದ ಅದರ ಬಗೆಗಿನ ನಮ್ಮ ತಿಳಿವಳಿಕೆ ಅತ್ಯಂತ ಖಚಿತವಾದುದು ಎಂದು ನಾವೆಲ್ಲರೂ ಭಾವಿಸಿದ್ದೇವೆ. ನಾನೂ ಹಾಗೆಯೇ ಭಾವಿಸಿದ್ದೆ. ಈ ಭಾವನೆ ತಪ್ಪೆಂಬುದನ್ನು ನನಗೆ ಕಲಿಸಿದವಳು ಒಬ್ಬ ಗೆಳತಿ. ಅವಳ ಅನುಮತಿಯನ್ನು ಪಡೆದೇ ಈ ಲೇಖನವನ್ನು ಬರೆಯುತ್ತಿದ್ದೇನೆ. ಅವಳ ಹೆಸರನ್ನಾಗಲಿ ಊರನ್ನಾಗಲಿ ಹೇಳುವುದಿಲ್ಲ. ಓದುಗರು ಅದನ್ನು ಊಹಿಸಲು ಹೋಗಬಾರದೆಂದು ಪ್ರಾರ್ಥನೆ.

ನಾವಿಬ್ಬರೂ ಒಂದೇ ವಿದ್ಯಾರ್ಥಿನಿಲಯದಲ್ಲಿ ಒಂದೇ ಕೋಣೆಯಲ್ಲಿದ್ದೆವು. ಮೊದಲನೆಯ ವರ್ಷ ಎಲ್ಲರಂತೆ ಉಂಡುಟ್ಟು ನಗುನಗುತ್ತಿದ್ದ ಹುಡುಗಿ, ಎರಡನೆಯ ವರ್ಷ ರಜೆ ಮುಗಿಸಿ ಬಂದಾಗ ಬೇರೆಯವಳೇ ಆಗಿದ್ದಳು. ಬೆಳಗಿನ ಉಪ್ಪಿಟ್ಟನ್ನು ಬಿಟ್ಟಳು. ಆಮೇಲೆ ಮಧ್ಯಾಹ್ನದ ಅನ್ನವನ್ನು ಬಿಟ್ಟಳು. ರಾತ್ರಿ ಅರ್ಧ ಚಪಾತಿಯನ್ನು ಚೂರುಚೂರು ಮಾಡಿ ಮುಕ್ಕಾಲು ಗಂಟೆ ತಟ್ಟೆಯ ಮುಂದೆ ಕುಳಿತಿರುತ್ತಿದ್ದಳು. ಕೇಳಿದರೆ, "ಹೊಟ್ಟೆ ತುಂಬಿದೆ ಕಣೇ" ಎನ್ನುತ್ತಿದ್ದಳು. ಮೂರೇ ತಿಂಗಳಲ್ಲಿ ಬಳೆಗಳು ಮೊಣಕೈವರೆಗೆ ಜಾರತೊಡಗಿದವು. ಆದರೂ ಅವಳು ತನ್ನ ತೊಡೆಯನ್ನು ಹಿಡಿದು ತೋರಿಸಿ, "ಎಷ್ಟು ದಪ್ಪ ಆಗಿದೀನಿ ನೋಡೇ" ಎನ್ನುವಳು. ನನಗೆ ಸಿಟ್ಟು ಬಂತು. ಒಂದು ದಿನ ಅವಳ ತೋಳು ಹಿಡಿದು ಎಳೆದುಕೊಂಡು ಹೋಗಿ ಬಚ್ಚಲುಮನೆಯ ಹೊರಗಿದ್ದ ದೊಡ್ಡ ಕನ್ನಡಿಯ ಮುಂದೆ ನಿಲ್ಲಿಸಿದೆ. "ನೋಡು, ಸರಿಯಾಗಿ ಕಣ್ಣು ಬಿಟ್ಟು ನೋಡು! ಎಲ್ಲಿದೆ ದಪ್ಪ? ಬರೀ ಮೂಳೆ ಕಾಣ್ತಿದೆ!" ಎಂದು ಎಲ್ಲರ ಎದುರಿಗೆ ಕೂಗಿದೆ. ಅವಳು ನೋಡಿದಳು. ಅವಳ ಕಣ್ಣಲ್ಲಿ ನೀರು ತುಂಬಿತು. "ನಿಂಗೆ ಕಾಣಲ್ವೇನೇ?" ಎಂದಷ್ಟೇ ಕೇಳಿದಳು. ಅಂದಿನಿಂದ ನನ್ನ ಜೊತೆ ಮಾತನಾಡುವುದನ್ನೂ, ನನ್ನ ಎದುರಿಗೆ ಉಣ್ಣುವುದನ್ನೂ ಬಿಟ್ಟುಬಿಟ್ಟಳು.

ಅವಳು ಸುಳ್ಳು ಹೇಳುತ್ತಿದ್ದಾಳೆಂದು ನಾನು ತಿಳಿದಿದ್ದೆ. ಹಟವೆಂದು ಕೆಲವರು, ಬೆಡಗೆಂದು ಕೆಲವರು, ಪ್ರೇಮಭಂಗವೆಂದು ಮತ್ತೆ ಕೆಲವರು ಹೇಳಿದರು. ಅವಳು ನಿಜವನ್ನೇ ಹೇಳುತ್ತಿರಬಹುದೆಂದು, ಎಂದರೆ ತನಗೆ ಅನುಭವಕ್ಕೆ ಬರುತ್ತಿರುವುದನ್ನೇ ಹೇಳುತ್ತಿರಬಹುದೆಂದು, ನಮ್ಮಲ್ಲಿ ಒಬ್ಬರಿಗೂ ಹೊಳೆಯಲಿಲ್ಲ. ನಾನು ಮನಶ್ಶಾಸ್ತ್ರವನ್ನು ಐಚ್ಛಿಕ ವಿಷಯವಾಗಿ ಓದುತ್ತಿದ್ದವಳು ಎಂಬುದನ್ನು ನೆನೆದರೆ ಇನ್ನೂ ನಾಚಿಕೆಯಾಗುತ್ತದೆ. ಈ ಲೇಖನದಲ್ಲಿ ನಾನು ಹೇಳಬೇಕೆಂದಿರುವುದು ಒಂದೇ ಮಾತು: ಇಂಥ ರೋಗಿಗೆ ಕನ್ನಡಿ ತೋರಿಸಿ ವಾದಿಸುವುದು ನಿಷ್ಪ್ರಯೋಜಕ, ಅಷ್ಟೇ ಅಲ್ಲ, ಕ್ರೌರ್ಯ ಕೂಡ. ಏಕೆಂದರೆ ಕೆಟ್ಟಿರುವುದು ಅವಳ ಕಣ್ಣೂ ಅಲ್ಲ, ನಡತೆಯೂ ಅಲ್ಲ; ತನ್ನ ದೇಹವನ್ನು ಒಳಗಿನಿಂದ ಅರಿಯುವ ಶಕ್ತಿ.

ಈ ರೋಗ ಇಂದಿನ ಫ್ಯಾಷನ್ನಿನಿಂದ ಹುಟ್ಟಿದುದೆಂದು ಅನೇಕರು ತಿಳಿದಿದ್ದಾರೆ. ಅದು ಪೂರ್ಣ ಸತ್ಯವಲ್ಲ. ಇಂಗ್ಲೆಂಡಿನ ವೈದ್ಯ ರಿಚರ್ಡ್ ಮಾರ್ಟನ್ ೧೬೮೯ರಷ್ಟು ಹಿಂದೆಯೇ, ಕ್ಷಯವೂ ಇಲ್ಲದೆ ಜ್ವರವೂ ಇಲ್ಲದೆ ಊಟ ಬಿಟ್ಟು ಕೃಶರಾದ ರೋಗಿಗಳ ವೃತ್ತಾಂತವನ್ನು ಬರೆದಿಟ್ಟಿದ್ದಾನೆ. ೧೮೭೩ರಲ್ಲಿ ಪ್ಯಾರಿಸಿನಲ್ಲಿ ಲಾಸೆಗ್ ಎಂಬ ವೈದ್ಯನೂ ಲಂಡನ್ನಿನಲ್ಲಿ ಸರ್ ವಿಲಿಯಂ ಗಲ್ ಎಂಬ ವೈದ್ಯನೂ ಬೇರೆಬೇರೆಯಾಗಿ ಇದನ್ನು ವರ್ಣಿಸಿದರು. 'ಅನೊರೆಕ್ಸಿಯ ನರ್ವೋಸ' ಎಂಬ ಹೆಸರು ಗಲ್ ಕೊಟ್ಟುದು. ನರಗಳ ದೆಸೆಯಿಂದ ಹಸಿವು ಇಲ್ಲವಾಗುವುದು ಎಂದು ಆ ಹೆಸರಿನ ಅರ್ಥ. ಹೆಸರು ನಿಂತಿತು, ಆದರೆ ಅರ್ಥ ನಿಲ್ಲಲಿಲ್ಲ. ಏಕೆಂದರೆ ಈ ರೋಗಿಗಳಲ್ಲಿ ಅನೇಕರಿಗೆ ಹಸಿವು ಸತ್ತಿರುವುದಿಲ್ಲ. ಹಸಿವಿನೊಡನೆ ಅವರ ಸಂಬಂಧ ಕೆಟ್ಟಿರುತ್ತದೆ. ತಿಂದುದನ್ನು ಬಲವಂತವಾಗಿ ಕಕ್ಕುವ ಇದರ ಸೋದರ ರೋಗವನ್ನು ಜೆರಾಲ್ಡ್ ರಸೆಲ್ ಎಂಬ ಮನೋವೈದ್ಯರು ೧೯೭೯ರಲ್ಲಿ 'ಬುಲಿಮಿಯ ನರ್ವೋಸ' ಎಂದು ಗುರುತಿಸಿದರು. ಅದರ ರೋಗಿಗಳು ನೋಡಲು ಎಲ್ಲರಂತೆಯೇ ಇರಬಹುದಾದ್ದರಿಂದ ಅದು ಇನ್ನೂ ಗುಪ್ತವಾದುದು.

ದೇಹದ ಅರಿವೇ ಇಲ್ಲಿ ಕೆಟ್ಟಿದೆ ಎಂಬುದನ್ನು ಮೊದಲು ಸ್ಪಷ್ಟವಾಗಿ ಹೇಳಿದವರು ಹಿಲ್ಡೆ ಬ್ರೂಖ್ ಎಂಬ ಮಹಿಳೆ. ಜರ್ಮನಿಯಲ್ಲಿ ಹುಟ್ಟಿ, ಹಿಟ್ಲರನ ಕಾಲದಲ್ಲಿ ದೇಶ ಬಿಟ್ಟು, ಅಮೆರಿಕದಲ್ಲಿ ನೆಲೆಸಿದ ವೈದ್ಯೆ ಅವರು. ೧೯೬೨ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಅವರು ಮೂರು ಲಕ್ಷಣಗಳನ್ನು ಎತ್ತಿ ಹೇಳಿದರು. ಒಂದು, ತನ್ನ ದೇಹದ ಚಿತ್ರ ಮನಸ್ಸಿನಲ್ಲಿ ವಿಕಾರಗೊಂಡಿರುವುದು. ಎರಡು, ಹಸಿವು, ದಣಿವು ಮೊದಲಾದ ಒಳಗಿನ ಸೂಚನೆಗಳನ್ನು ಸರಿಯಾಗಿ ಓದಲಾರದಿರುವುದು. ಮೂರು, ತನ್ನಿಂದ ಏನೂ ಸಾಗದು ಎಂಬ ಅಸಹಾಯ ಭಾವ. ತೂಕ ಇಳಿಸುವ ಹಟ ಮೇಲೆ ಕಾಣುವ ಹೊಗೆ. ಈ ಮೂರು ಒಳಗಿನ ಬೆಂಕಿ ಎಂಬುದು ಅವರ ಅಭಿಪ್ರಾಯದ ಸಾರ.

ಇದಾದ ಹನ್ನೊಂದು ವರ್ಷಗಳ ಮೇಲೆ, ೧೯೭೩ರಲ್ಲಿ, ಸ್ಲೇಡ್ ಮತ್ತು ರಸೆಲ್ ಎಂಬಿಬ್ಬರು ಲಂಡನ್ನಿನಲ್ಲಿ ಒಂದು ಸರಳ ಪರೀಕ್ಷೆ ನಡೆಸಿದರು. ರೋಗಿಯ ಮುಂದೆ ಎರಡು ದೀಪಗಳು. ಅವುಗಳ ನಡುವಣ ಅಂತರವನ್ನು ಹೆಚ್ಚುಕಡಿಮೆ ಮಾಡಬಹುದು. "ನಿಮ್ಮ ಸೊಂಟದ ಅಗಲ ಎಷ್ಟೋ ಅಷ್ಟು ಅಂತರಕ್ಕೆ ದೀಪಗಳನ್ನು ನಿಲ್ಲಿಸಿ" ಎಂದು ಕೇಳುವುದು. ಹಾಗೆಯೇ ಮುಖ, ಎದೆ, ನಿತಂಬ. ರೋಗಿಗಳು ತಮ್ಮ ದೇಹದ ಅಗಲವನ್ನು ಇದ್ದುದಕ್ಕಿಂತ ಬಹಳ ಹೆಚ್ಚಾಗಿ ತೋರಿಸಿದರು. ಮರದ ತುಂಡುಗಳ ಅಗಲವನ್ನಾದರೋ ಸರಿಯಾಗಿಯೇ ಅಳೆದರು. ಎಂದರೆ ಕಣ್ಣು ಚೆನ್ನಾಗಿದೆ. ಅಳತೆಯ ಬುದ್ಧಿಯೂ ಚೆನ್ನಾಗಿದೆ. ತನ್ನ ದೇಹದ ಹತ್ತಿರ ಬಂದಾಗ ಮಾತ್ರ ಅಳತೆಗೋಲು ತಪ್ಪುತ್ತದೆ. ಇನ್ನೊಂದು ಸಂಗತಿಯನ್ನೂ ಅವರು ಕಂಡರು. ಚಿಕಿತ್ಸೆಯಿಂದ ತೂಕ ಹೆಚ್ಚಿದಂತೆಲ್ಲ ಈ ತಪ್ಪು ಕಡಿಮೆಯಾಗುತ್ತಿತ್ತು. ದೇಹ ನಿಜವಾಗಿ ದಪ್ಪವಾದಂತೆ ದಪ್ಪವೆಂಬ ಭ್ರಮೆ ಇಳಿಯುವುದು ವಿಚಿತ್ರವಲ್ಲವೇ?

ನ್ಯಾಯವಾಗಿ ಹೇಳಬೇಕಾದರೆ, ಈ ವಿಷಯದಲ್ಲಿ ಪಂಡಿತರಲ್ಲಿ ಭಿನ್ನಾಭಿಪ್ರಾಯವುಂಟು. ಆರೋಗ್ಯವಂತ ಸ್ತ್ರೀಯರಲ್ಲಿಯೂ ಹಲವರು ತಮ್ಮ ಅಳತೆಯನ್ನು ಹೆಚ್ಚಾಗಿಯೇ ಹೇಳುತ್ತಾರೆಂದು ಮುಂದಿನ ಸಂಶೋಧಕರು ತೋರಿಸಿದರು. ಜರ್ಮನಿಯ ಟ್ಯೂಬಿಂಗೆನ್ನಿನಲ್ಲಿ, ಕಂಪ್ಯೂಟರಿನಿಂದ ರೋಗಿಯ ದೇಹದ್ದೇ ಪ್ರತಿರೂಪವನ್ನು ನಿರ್ಮಿಸಿ, ಅದನ್ನು ದಪ್ಪವಾಗಿಯೂ ತೆಳ್ಳಗಾಗಿಯೂ ತೋರಿಸಿ ಪರೀಕ್ಷಿಸಿದರು. ೨೦೧೮ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ರೋಗಿಗಳು ತಮ್ಮ ರೂಪವನ್ನು ಕಣ್ಣಿನಿಂದ ಗುರುತಿಸುವಲ್ಲಿ ಅಷ್ಟಾಗಿ ತಪ್ಪಲಿಲ್ಲ. ಆದರೆ ತಮಗೆ ಬೇಕೆಂದು ಅವರು ಆರಿಸಿಕೊಂಡ ದೇಹ ಅತ್ಯಂತ ಕೃಶವಾದುದಾಗಿತ್ತು. ಕಣ್ಣಿನ ತಪ್ಪಿಗಿಂತ ಭಾವನೆಯ ತಪ್ಪೇ ಮುಖ್ಯವೆಂದು ಆ ಸಂಶೋಧಕರ ತೀರ್ಮಾನ. ಈ ಭಿನ್ನಾಭಿಪ್ರಾಯದಿಂದ ನನ್ನ ವಾದ ದುರ್ಬಲವಾಗುವುದಿಲ್ಲ, ಬಲವಾಗುತ್ತದೆ. ತೊಂದರೆ ಕೇವಲ ಕಣ್ಣಿನದಾಗಿದ್ದರೆ ಕನ್ನಡಿಯಿಂದ ಏನಾದರೂ ಉಪಯೋಗವಿತ್ತು. ತೊಂದರೆ ಕಣ್ಣಿನ ಆಚೆ ಇದೆ.

ಎಲ್ಲಿದೆ ಎಂಬುದಕ್ಕೆ ಹಾಲೆಂಡಿನ ಉಟ್ರೆಕ್ಟ್ ನಗರದಲ್ಲಿ ಆನೂಕ್ ಕೈಜರ್ ಮತ್ತು ಸಂಗಡಿಗರು ನಡೆಸಿದ ಪ್ರಯೋಗಗಳು ಬೆಳಕು ಚೆಲ್ಲುತ್ತವೆ. ಮೊದಲನೆಯದು ಸ್ಪರ್ಶದ್ದು. ರೋಗಿಯ ತೋಳಿನ ಮೇಲೂ ಹೊಟ್ಟೆಯ ಮೇಲೂ ಏಕಕಾಲದಲ್ಲಿ ಎರಡು ಕಡೆ ಮುಟ್ಟಿ, ಆ ಎರಡು ಬಿಂದುಗಳ ನಡುವೆ ಎಷ್ಟು ದೂರ ಎಂದು ಕೇಳುವುದು. ನೋಡುವಂತಿಲ್ಲ, ಮುಟ್ಟಿದ ಅನುಭವದಿಂದಲೇ ಹೇಳಬೇಕು. ರೋಗಿಗಳು ಇತರರಿಗಿಂತ ಹೆಚ್ಚು ದೂರ ಹೇಳಿದರು. ಕನ್ನಡಿಯೂ ಇಲ್ಲ, ಕಣ್ಣೂ ಇಲ್ಲ, ಆದರೂ ಚರ್ಮವೇ ದೇಹವನ್ನು ಹಿಗ್ಗಿಸಿ ಹೇಳುತ್ತಿತ್ತು! ಎರಡನೆಯದು ನಡಿಗೆಯದು, ಇದು ೨೦೧೩ರಲ್ಲಿ ಪ್ರಕಟವಾಯಿತು. ಬೇರಾವುದೋ ಕೆಲಸದ ನೆಪ ಹೇಳಿ, ಬೇರೆಬೇರೆ ಅಗಲದ ಬಾಗಿಲಿನಂಥ ಸಂದುಗಳ ಮೂಲಕ ನಡೆದುಹೋಗುವಂತೆ ಮಾಡಿದರು. ಸಂದು ಇಕ್ಕಟ್ಟಾದಾಗ ನಾವೆಲ್ಲರೂ ಯೋಚಿಸದೆಯೇ ಭುಜವನ್ನು ಓರೆ ಮಾಡುತ್ತೇವೆ. ಆರೋಗ್ಯವಂತರು ತಮ್ಮ ಭುಜಕ್ಕಿಂತ ಶೇಕಡ ೨೫ರಷ್ಟು ಅಗಲವಾದ ಸಂದಿನಲ್ಲಿ ಓರೆಯಾಗಲಾರಂಭಿಸಿದರೆ, ರೋಗಿಗಳು ಶೇಕಡ ೪೦ರಷ್ಟು ಅಗಲವಾದ ಸಂದಿನಲ್ಲಿಯೇ ಓರೆಯಾದರು. ಲೆಕ್ಕ ಹಾಕಿ ನೋಡಿ. ಭುಜದ ಅಗಲ ೪೦ ಸೆಂಟಿಮೀಟರ್ ಇದ್ದವರಲ್ಲಿ ಒಬ್ಬಳಿಗೆ ೫೦ ಸೆಂಟಿಮೀಟರಿನ ಸಂದು ಇಕ್ಕಟ್ಟು, ಇನ್ನೊಬ್ಬಳಿಗೆ ೫೬ ಸೆಂಟಿಮೀಟರಿನದೇ ಇಕ್ಕಟ್ಟು. ಹೀಗೆ ಓರೆಯಾದುದು ವಾದಕ್ಕಾಗಿಯೂ ಅಲ್ಲ, ಬೇರೆಯವರ ಕನಿಕರಕ್ಕಾಗಿಯೂ ಅಲ್ಲ. ಅವರಿಗೆ ಅರಿವಿಲ್ಲದೆಯೇ ಅವರ ಕಾಲು ಭುಜಗಳು ದೊಡ್ಡದೊಂದು ದೇಹವನ್ನು ಹೊತ್ತು ನಡೆಯುತ್ತಿದ್ದುವು.

ಇದನ್ನು ಓದಿದಾಗ ನನ್ನ ಕೈಯಿಂದ ಪುಸ್ತಕ ಜಾರಿತು. ನಮ್ಮ ಊಟದ ಮನೆಯಲ್ಲಿ ಬೆಂಚಿಗೂ ಗೋಡೆಗೂ ನಡುವೆ ಒಂದು ದಾರಿ ಇತ್ತು. ಇಬ್ಬರು ಜೊತೆಯಾಗಿ ಹೋಗಲಾರರು. ಒಬ್ಬರು ಧಾರಾಳವಾಗಿ ಹೋಗಬಹುದು. ನನ್ನ ಗೆಳತಿ ಅಲ್ಲಿ ಯಾವಾಗಲೂ ಓರೆಯಾಗಿ, ಹೊಟ್ಟೆ ಒಳಗೆಳೆದುಕೊಂಡು, ತಟ್ಟೆಯನ್ನು ಎತ್ತಿ ಹಿಡಿದು ಹೋಗುತ್ತಿದ್ದಳು. "ಮಹಾರಾಣಿಯ ಸವಾರಿ" ಎಂದು ನಾವು ನಗುತ್ತಿದ್ದೆವು. ಅದಕ್ಕೂ ಉಟ್ರೆಕ್ಟಿನ ಬಾಗಿಲಿಗೂ ಇದೇ ಸಂಬಂಧವೆಂದು ನಾನು ಪ್ರಮಾಣ ಮಾಡಿ ಹೇಳಲಾರೆ. ಆದರೆ ಅಂದು ನಕ್ಕವಳಿಗೆ ಇಂದು ಆ ನಗೆ ಗಂಟಲಲ್ಲಿ ಸಿಕ್ಕಿಕೊಂಡಿದೆ.

ದೇಹದ ಅರಿವು ಎಂಬುದು ನಾವು ತಿಳಿದಂತೆ ಕಲ್ಲಿನಲ್ಲಿ ಕೊರೆದ ಲಿಪಿಯಲ್ಲ. ಕಣ್ಣು, ಚರ್ಮ, ಸ್ನಾಯು, ಕರುಳು, ಎಲ್ಲವೂ ಕಳುಹಿಸುವ ವರದಿಗಳನ್ನು ಕೂಡಿಸಿ ಮಿದುಳು ಕ್ಷಣಕ್ಷಣಕ್ಕೂ ಬರೆಯುವ ಚಿತ್ರ ಅದು. ೧೯೯೮ರಲ್ಲಿ ಅಮೆರಿಕದ ಇಬ್ಬರು ವಿದ್ವಾಂಸರು ಒಂದು ಚಮತ್ಕಾರ ತೋರಿಸಿದರು. ನಿಮ್ಮ ಕೈಯನ್ನು ಮರೆಮಾಡಿ, ಎದುರಿಗೆ ರಬ್ಬರಿನ ಕೈಯೊಂದನ್ನಿಟ್ಟು, ಎರಡನ್ನೂ ಒಂದೇ ಕಾಲದಲ್ಲಿ ಕುಂಚದಿಂದ ಸವರಿದರೆ, ಸ್ವಲ್ಪ ಹೊತ್ತಿನಲ್ಲಿ ಆ ರಬ್ಬರಿನ ಕೈಯೇ ನಿಮ್ಮದೆಂದು ತೋರುತ್ತದೆ. ಬುದ್ಧಿಗೆ ಸುಳ್ಳೆಂದು ಗೊತ್ತು. ಆದರೂ ಅನುಭವ ಹಾಗೆಯೇ. ಊಟದ ರೋಗಗಳಿಂದ ಬಳಲುವವರಿಗೆ ಈ ಭ್ರಮೆ ಇತರರಿಗಿಂತ ಗಾಢವಾಗಿ ಉಂಟಾಗುತ್ತದೆಂದು ೨೦೧೨ರ ಒಂದು ಸಂಶೋಧನೆ ಹೇಳುತ್ತದೆ. ಒಳಗಿನ ವರದಿ ಕ್ಷೀಣವಾದವರಿಗೆ ಹೊರಗಿನ ತೋರಿಕೆಯೇ ಪ್ರಮಾಣವಾಗುತ್ತದೆ ಎಂದು ಇದನ್ನು ಅರ್ಥಮಾಡಬಹುದು. ಹಾಗಾದರೆ ತನ್ನ ದೇಹದ ಸುದ್ದಿಯನ್ನು ತನ್ನ ದೇಹದಿಂದಲೇ ತಿಳಿಯಲಾರದವಳು, ಪರರ ಮಾತಿನಿಂದಲೂ ಪರದೆಯ ಮೇಲಿನ ಚಿತ್ರಗಳಿಂದಲೂ ತಿಳಿಯಹೊರಟರೆ ಆಶ್ಚರ್ಯವೇನು?

ನಮ್ಮ ವೇದಾಂತಿಗಳು ಹಗ್ಗ ಹಾವುಗಳ ದೃಷ್ಟಾಂತವನ್ನು ಕೊಡುತ್ತಾರೆ. ದೀಪ ತಂದೊಡನೆ ಹಾವು ಮಾಯವಾಗಿ ಹಗ್ಗ ಉಳಿಯುತ್ತದೆ. ಕನ್ನಡಿ ತೋರಿಸುವ ನಾವೆಲ್ಲರೂ ಈ ದೃಷ್ಟಾಂತವನ್ನೇ ನಂಬಿದವರು. ಆದರೆ ಎಲ್ಲ ಭ್ರಮೆಗಳೂ ದೀಪಕ್ಕೆ ಹೆದರುವುದಿಲ್ಲ. ದಿಗಂತದಲ್ಲಿ ಹುಣ್ಣಿಮೆಯ ಚಂದ್ರ ದೊಡ್ಡದಾಗಿಯೂ ನೆತ್ತಿಯ ಮೇಲೆ ಚಿಕ್ಕದಾಗಿಯೂ ಕಾಣುತ್ತಾನೆ. ಎರಡೂ ಒಂದೇ ಗಾತ್ರವೆಂದು ತಿಳಿದ ಮೇಲೂ ಹಾಗೆಯೇ ಕಾಣುತ್ತಾನೆ. ಮನಶ್ಶಾಸ್ತ್ರದ ಪಠ್ಯಪುಸ್ತಕದಲ್ಲಿ ಬಾಣದ ತುದಿಗಳುಳ್ಳ ಎರಡು ಗೆರೆಗಳ ಚಿತ್ರವನ್ನು ಎಲ್ಲರೂ ನೋಡಿರಬಹುದು. ಮ್ಯುಲರ್ ಲಯರ್ ೧೮೮೯ರಲ್ಲಿ ಬರೆದುದು ಅದು. ಗೆರೆಗಳೆರಡೂ ಸಮ. ಅಳತೆಪಟ್ಟಿ ಇಟ್ಟು ನೂರು ಸಲ ಅಳೆಯಿರಿ. ಪಟ್ಟಿ ತೆಗೆದೊಡನೆ ಒಂದು ಉದ್ದ, ಒಂದು ಗಿಡ್ಡ! ತಿಳಿವಳಿಕೆ ಬೇರೆ, ಕಾಣುವಿಕೆ ಬೇರೆ. ನನ್ನ ಗೆಳತಿಗೆ ತನ್ನ ತೂಕ ಎಷ್ಟೆಂದು ಕಿಲೋಗ್ರಾಮಿನ ದಶಾಂಶದವರೆಗೆ ಗೊತ್ತಿತ್ತು. ಆ ಅಂಕಿ ಅವಳ ಅನುಭವವನ್ನು ತಿದ್ದಲಿಲ್ಲ. ನಿಮ್ಮ ಕಣ್ಣಿನ ಗೆರೆಗಳನ್ನು ನೀವು ತಿದ್ದಲಾರಿರಾದರೆ, ಅವಳ ದೇಹದ ಗೆರೆಗಳನ್ನು ಒಂದು ಕನ್ನಡಿಯಿಂದ ತಿದ್ದುವೆವೆಂದು ಹೊರಡುವುದು ಎಂಥ ಅವಿವೇಕ!

ಇನ್ನು ಹಸಿವಿನ ವಿಷಯ. "ಹೊಟ್ಟೆ ತುಂಬಿದೆ" ಎಂಬುದು ನೆಪವೆಂದು ನಾವು ತಿಳಿಯುತ್ತೇವೆ. ಬಹುಕಾಲ ಉಪವಾಸವಿದ್ದವರ ಜಠರ ತನ್ನ ಕೆಲಸವನ್ನು ನಿಧಾನಿಸುತ್ತದೆ; ನಾಲ್ಕು ತುತ್ತಿಗೇ ಹೊಟ್ಟೆ ಬಿಗಿದಂತಾಗುತ್ತದೆ. ಉಪವಾಸ ಮನಸ್ಸನ್ನೂ ಬದಲಿಸುತ್ತದೆಂಬುದಕ್ಕೆ ಪ್ರಸಿದ್ಧವಾದ ಸಾಕ್ಷ್ಯವೊಂದಿದೆ. ಎರಡನೆಯ ಮಹಾಯುದ್ಧದ ಕೊನೆಯಲ್ಲಿ, ೧೯೪೪ರಿಂದ ೧೯೪೫ರವರೆಗೆ, ಅಮೆರಿಕದ ಮಿನೆಸೋಟ ವಿಶ್ವವಿದ್ಯಾನಿಲಯದಲ್ಲಿ ಆನ್ಸೆಲ್ ಕೀಸ್ ಎಂಬವರು ೩೬ ಮಂದಿ ಆರೋಗ್ಯವಂತ ತರುಣರನ್ನು, ಅವರ ಒಪ್ಪಿಗೆಯಿಂದ, ೨೪ ವಾರ ಅರೆಹೊಟ್ಟೆಯಲ್ಲಿಟ್ಟರು. ಅವರ ತೂಕ ಸುಮಾರು ಕಾಲುಭಾಗ ಇಳಿಯಿತು. ಯುದ್ಧದಿಂದ ಹಸಿದ ಯುರೋಪಿಗೆ ಮತ್ತೆ ಉಣಿಸುವುದು ಹೇಗೆಂದು ಕಲಿಯುವುದು ಉದ್ದೇಶ. ಆ ತರುಣರು ಮಂಕಾದರು, ಸಿಡುಕರಾದರು, ಸ್ನೇಹವನ್ನು ತೊರೆದರು. ಊಟವನ್ನು ಗಂಟೆಗಟ್ಟಲೆ ಎಳೆದರು. ಅಡಿಗೆಯ ಪುಸ್ತಕಗಳನ್ನು ಕೂಡಿಹಾಕಿ ಓದಿದರು. ಇವರು ಯಾರೂ ಮನೋರೋಗಿಗಳಾಗಿರಲಿಲ್ಲ. ಅರ್ಧ ಚಪಾತಿಯ ಮುಂದೆ ಮುಕ್ಕಾಲು ಗಂಟೆ ಕುಳಿತವಳನ್ನು ನಾನು ಬಲ್ಲೆನಾದ್ದರಿಂದ ಈ ವೃತ್ತಾಂತ ನನಗೆ ಹೊಸದಾಗಿ ತೋರಲಿಲ್ಲ. ರೋಗದಿಂದ ಉಪವಾಸ, ಉಪವಾಸದಿಂದ ರೋಗದ ಬಲ. ಹೀಗೆ ಗಾಣದೆತ್ತಿನಂತೆ ಸುತ್ತು. ಈ ಕಾರಣದಿಂದಲೇ ವೈದ್ಯರು ಅನ್ನವನ್ನೇ ಮೊದಲ ಔಷಧವೆನ್ನುತ್ತಾರೆ. ಆದರೆ ಬಹುವಾಗಿ ಕೃಶರಾದವರಿಗೆ ಒಮ್ಮೆಗೇ ಹೆಚ್ಚು ಉಣಿಸಿದರೆ ರಕ್ತದ ಲವಣಗಳು ಏರುಪೇರಾಗಿ ಪ್ರಾಣಾಪಾಯವಾಗಬಹುದು. ಉಣಿಸುವ ಕೆಲಸವೂ ವೈದ್ಯರ ಕಣ್ಣೆದುರಿನಲ್ಲಿಯೇ ನಡೆಯಬೇಕು, ನಮ್ಮ ಬಲವಂತದಿಂದಲ್ಲ.

ಇಷ್ಟು ಹೇಳಿದ ಮೇಲೆ ಒಂದು ಆಕ್ಷೇಪ ಬರುತ್ತದೆಂದು ಬಲ್ಲೆ. "ಇದು ಪಾಶ್ಚಾತ್ಯರ, ಸಿರಿವಂತರ ರೋಗ. ಅನ್ನಕ್ಕಾಗಿ ಬೆವರು ಸುರಿಸುವ ನಮ್ಮ ನಾಡಿನಲ್ಲಿ ಇದೆಂಥ ಲೀಲೆ?" ನನ್ನ ಗೆಳತಿಯ ತಂದೆ ಸಿರಿವಂತರಲ್ಲ. ಎರಡು ಎಕರೆ ಖುಷ್ಕಿ ಜಮೀನಿನ ರೈತರು ಅವರು. "ನಮ್ಮ ಮನೇಲಿ ಉಣ್ಣಾಕೆ ಇಲ್ದಿದ್ದ ಕಾಲ ನೋಡೀವಿ, ಇದ್ದೂ ಉಣ್ಣದಿದ್ದುದನ್ನ ನೋಡಿರ್ಲಿಲ್ಲ ತಾಯಿ" ಎಂದು ಅವರು ನನ್ನೆದುರಿಗೆ ಕಣ್ಣೊರೆಸಿಕೊಂಡರು. ಪೆಸಿಫಿಕ್ ಸಾಗರದ ಫಿಜಿ ದ್ವೀಪಗಳಲ್ಲಿ ಮೈತುಂಬಿದ ದೇಹವೇ ಗೌರವದ ಗುರುತಾಗಿತ್ತು. ಅಲ್ಲಿಯ ನಡ್ರೋಗ ಪ್ರಾಂತಕ್ಕೆ ೧೯೯೫ರಲ್ಲಿ ಟೆಲಿವಿಷನ್ ಬಂತು. ಆನ್ ಬೆಕರ್ ಎಂಬ ವಿದುಷಿ ಅಲ್ಲಿಯ ಮೂಲನಿವಾಸಿ ಶಾಲಾಬಾಲಕಿಯರನ್ನು ಆ ವರ್ಷವೂ ಮತ್ತೆ ೧೯೯೮ರಲ್ಲಿಯೂ ವಿಚಾರಿಸಿದರು. ತೂಕ ಇಳಿಸಲೆಂದು ಕಕ್ಕುವೆನೆಂದವರು ಮೊದಲ ಸಲ ಒಬ್ಬರೂ ಇರಲಿಲ್ಲ; ಮೂರು ವರ್ಷಗಳ ಮೇಲೆ ಶೇಕಡ ೧೧.೩ ಮಂದಿ. ಟೆಲಿವಿಷನ್ ಒಂದೇ ಕಾರಣವೆನ್ನಲಾಗದು. ಆದರೆ ದೂರದ ರೋಗವೆಂದು ನೆಮ್ಮದಿಯಿಂದ ಇರುವಂತಿಲ್ಲವೆಂಬುದಂತೂ ನಿಶ್ಚಯ. ಇಂದು ಪ್ರತಿಯೊಬ್ಬರ ಅಂಗೈಯಲ್ಲಿಯೂ ಮೊಬೈಲಿನ ಪರದೆ ಇದೆ.

ನಮ್ಮ ಏಷ್ಯದಲ್ಲಿ ಈ ರೋಗ ವೇಷ ಬದಲಿಸಿ ಬರುವುದೂ ಉಂಟು. ಹಾಂಗ್‌ಕಾಂಗಿನ ಸಿಂಗ್ ಲೀ ಎಂಬ ವೈದ್ಯರು ೧೯೯೩ರಲ್ಲಿ ೭೦ ಮಂದಿ ಚೀನೀ ರೋಗಿಗಳ ವರದಿ ಪ್ರಕಟಿಸಿದರು. ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ದಪ್ಪಗಾಗುವ ಭಯವೇ ಇರಲಿಲ್ಲ. ಹೊಟ್ಟೆಯುಬ್ಬರ, ಹಸಿವಿಲ್ಲ ಎಂಬುದೇ ಅನೇಕರ ದೂರು. ೧೯೯೫ರಲ್ಲಿ ಭಾರತದ ಮನೋವೈದ್ಯರು ವರ್ಣಿಸಿದ ಐವರು ತರುಣಿಯರಲ್ಲಿಯೂ ದೇಹಚಿತ್ರದ ವಿಕಾರ ಪಾಶ್ಚಾತ್ಯ ಪುಸ್ತಕಗಳಲ್ಲಿ ಹೇಳಿದಂತೆ ಕಂಡುಬರಲಿಲ್ಲ. ಆದ್ದರಿಂದ "ನಾನು ದಪ್ಪ" ಎಂದವಳು ಮಾತ್ರ ರೋಗಿ ಎಂದು ತಿಳಿಯಬಾರದು. "ಹೊಟ್ಟೆ ತುಂಬಿದೆ" ಎಂದವಳ ಮೇಲೆಯೂ ಕಣ್ಣಿರಲಿ. ಹುಡುಗರೂ ಇದಕ್ಕೆ ಹೊರತಲ್ಲ. ಎಷ್ಟು ಕಬ್ಬಿಣ ಎತ್ತಿದರೂ ತನ್ನ ಮೈ ಇನ್ನೂ ಸಣಕಲೆಂದು ಕೊರಗುವ ತರುಣರ ಮನೋವಿಕಾರಕ್ಕೆ ೧೯೯೭ರಲ್ಲಿ ಬೇರೆಯೇ ಹೆಸರು ಕೊಡಲಾಗಿದೆ.

ಮತ್ತೊಂದು ಆಕ್ಷೇಪ: "ನಮ್ಮಲ್ಲಿ ಉಪವಾಸ ಪುಣ್ಯವಲ್ಲವೇ? ನಮ್ಮ ಅಜ್ಜಿಯಂದಿರು ಏಕಾದಶಿ ಮಾಡಲಿಲ್ಲವೇ?" ಮಾಡಿದರು, ಆದರೆ ದ್ವಾದಶಿಯ ಬೆಳಿಗ್ಗೆ ಸಂತೋಷದಿಂದ ಪಾರಣೆಯನ್ನೂ ಮಾಡಿದರು. ವ್ರತಕ್ಕೆ ಆದಿಯಿದೆ, ಅಂತ್ಯವಿದೆ. ಅದರ ಹಿಂದೆ ಮನೆಮಂದಿ ಇದ್ದಾರೆ. ಈ ರೋಗದ ಉಪವಾಸಕ್ಕೆ ಪಾರಣೆಯೇ ಇಲ್ಲ, ಅದರ ಸುತ್ತ ಗುಟ್ಟು ಮತ್ತು ಅಂಜಿಕೆ. ವ್ರತವನ್ನು ರೋಗವೆನ್ನುವುದು ತಪ್ಪು. ರೋಗಕ್ಕೆ ವ್ರತದ ಹೆಸರು ಕೊಟ್ಟು ಸುಮ್ಮನಿರುವುದು ಅದಕ್ಕಿಂತ ದೊಡ್ಡ ತಪ್ಪು.

ಹಾಗಾದರೆ ನಾವು ಮಾಡಬೇಕಾದುದೇನು? ಈ ರೋಗವನ್ನು ಲಘುವಾಗಿ ಎಣಿಸುವಂತಿಲ್ಲ. ಮನೋರೋಗಗಳಲ್ಲಿ ಅತಿ ಹೆಚ್ಚು ಪ್ರಾಣಹಾನಿ ಮಾಡುವವುಗಳಲ್ಲಿ ಅನೊರೆಕ್ಸಿಯ ಒಂದು. ಅಮೆರಿಕದ ಪ್ರಸಿದ್ಧ ಗಾಯಕಿ ಕ್ಯಾರೆನ್ ಕಾರ್ಪೆಂಟರ್ ೧೯೮೩ರಲ್ಲಿ ತನ್ನ ೩೨ನೆಯ ವಯಸ್ಸಿನಲ್ಲಿ ಇದರಿಂದ ಹೃದಯ ಸೋತು ತೀರಿಕೊಂಡರು. ಆದುದರಿಂದ ಮೊದಲನೆಯದಾಗಿ, ಮೈಯ ಅಳತೆಯನ್ನು ಹಾಸ್ಯದ ವಸ್ತುವಾಗಿ ಮಾಡುವುದನ್ನು ಬಿಡೋಣ. ಡುಮ್ಮಿ, ಕಡ್ಡಿ, ಡ್ರಮ್ಮು, ಅಸ್ಥಿಪಂಜರ ಮೊದಲಾದ ಬಿರುದುಗಳನ್ನು ನಮ್ಮ ಕಾಲೇಜಿನಲ್ಲಿ ಎಷ್ಟು ಉದಾರವಾಗಿ ಹಂಚುತ್ತೇವೆ! ಕಳೆದ ವಾರ್ಷಿಕೋತ್ಸವದ ಮೀನುಕುಟುಕಿನ ಬಿರುದುಗಳಲ್ಲಿಯೂ ಎರಡು ಈ ಬಗೆಯವೇ ಇದ್ದುವು, ಎಲ್ಲರೂ ನಕ್ಕರು. ಒಳಗಿನ ಅರಿವು ಕ್ಷೀಣವಾದವರಿಗೆ ಹೊರಗಿನ ಮಾತೇ ಕನ್ನಡಿ ಎಂಬುದು ನೆನಪಿರಲಿ. ಈ ವರ್ಷ ಆ ಬಿರುದುಗಳನ್ನು ಕೈಬಿಡಬೇಕೆಂದು ವಿದ್ಯಾರ್ಥಿ ಸಂಘದವರನ್ನು ಕೇಳಿಕೊಳ್ಳುತ್ತೇನೆ. ಎರಡನೆಯದಾಗಿ, ಗೆಳತಿಯ ಬಳೆ ಜಾರುವುದನ್ನು ಕಂಡವರು ವಾದಕ್ಕಿಳಿಯಬಾರದು. "ನೀನು ದಪ್ಪವಿಲ್ಲ" ಎಂದು ನೂರು ಸಲ ಹೇಳುವುದಕ್ಕಿಂತ, "ನಿನಗೆ ಹಾಗೆ ಅನ್ನಿಸುವುದು ಎಷ್ಟು ಕಷ್ಟವೋ; ಬಾ, ಡಾಕ್ಟರ ಹತ್ತಿರ ಹೋಗೋಣ, ನಾನೂ ಬರುತ್ತೇನೆ" ಎಂದು ಒಂದು ಸಲ ಹೇಳುವುದು ಮೇಲು. ಮೂರನೆಯದಾಗಿ, ವಿದ್ಯಾರ್ಥಿನಿಲಯಗಳ ವಾರ್ಡನ್ನರೂ ಅಡಿಗೆಯವರೂ ಈ ಲಕ್ಷಣಗಳನ್ನು ತಿಳಿದಿರಬೇಕು: ದಿನದಿನಕ್ಕೆ ಇಳಿಯುವ ತೂಕ, ಬೇಸಗೆಯಲ್ಲಿಯೂ ಚಳಿ, ತಲೆಸುತ್ತು, ಮುಟ್ಟು ನಿಲ್ಲುವುದು, ಒಬ್ಬಳೇ ಉಣ್ಣುವುದು, ಉಂಡೊಡನೆ ಬಚ್ಚಲಿಗೆ ಓಡುವುದು. ನಮ್ಮ ನಿಲಯದಲ್ಲಿ ಇದನ್ನು ಮೊದಲು ಗಮನಿಸಿದವರು ಅಡಿಗೆಯ ಅಮ್ಮನವರು. "ಈ ಮಗು ಬಡಿಸಿದ್ದನ್ನು ಚೆಲ್ಲುತ್ತೆ" ಎಂದು ಅವರು ಹೇಳಿದ್ದನ್ನು ನಾವು ಚಾಡಿಯೆಂದು ತಳ್ಳಿಹಾಕಿದ್ದೆವು.

ಸಹಾಯ ದೂರವೇನಿಲ್ಲ. ೨೦೨೨ರ ಅಕ್ಟೋಬರಿನಲ್ಲಿ ಕೇಂದ್ರ ಸರಕಾರ ಆರಂಭಿಸಿದ 'ಟೆಲಿ ಮಾನಸ್' ಎಂಬ ವ್ಯವಸ್ಥೆಗೆ ೧೪೪೧೬ ಎಂಬ ಸಂಖ್ಯೆಗೆ ದೂರವಾಣಿ ಮಾಡಿದರೆ, ಹಗಲು ರಾತ್ರಿ ಉಚಿತವಾಗಿ ಕನ್ನಡದಲ್ಲಿಯೇ ಸಲಹೆ ದೊರೆಯುತ್ತದೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯೇ ಅದರ ಪ್ರಧಾನ ಕೇಂದ್ರ. ಲಂಡನ್ನಿನ ಮಾಡ್ಸ್ಲಿ ಆಸ್ಪತ್ರೆಯಲ್ಲಿ ರೂಪುಗೊಂಡು ೧೯೮೭ರಲ್ಲಿ ಪರೀಕ್ಷಾಫಲ ಪ್ರಕಟವಾದ ಕುಟುಂಬ ಚಿಕಿತ್ಸೆಯಲ್ಲಿ, ಎಳೆಯ ರೋಗಿಗೆ ಉಣಿಸುವ ಹೊಣೆಯನ್ನು ತಂದೆತಾಯಿಗಳಿಗೇ ವಹಿಸುತ್ತಾರೆ. ಅವರನ್ನು ಅಪರಾಧಿಗಳೆಂದು ಎಣಿಸದೆ ಚಿಕಿತ್ಸೆಯ ಸಂಗಾತಿಗಳನ್ನಾಗಿ ಮಾಡಿಕೊಳ್ಳುವುದು ಅದರ ಮರ್ಮ. ಮನೆಮಂದಿಯೆಲ್ಲ ಒಟ್ಟಿಗೆ ಕುಳಿತು ಉಣ್ಣುವ ನಮ್ಮ ಪದ್ಧತಿಗೆ ಇದು ಎಷ್ಟು ಹೊಂದಿಕೆಯಾದುದು! ಕನ್ನಡಿಯನ್ನೂ ಚಿಕಿತ್ಸಕರು ಉಪಯೋಗಿಸುವುದುಂಟು. ಆದರೆ ರೋಗಿಯನ್ನು ಸೋಲಿಸಲು ಅಲ್ಲ; ಹೆದರದೆ, ತೀರ್ಪು ಕೊಡದೆ, ತನ್ನನ್ನು ನೋಡಿಕೊಳ್ಳುವ ಅಭ್ಯಾಸವನ್ನು ನಿಧಾನವಾಗಿ ಕಲಿಸಲು.

ನನ್ನ ಗೆಳತಿ ಒಂದು ವರ್ಷ ಓದು ನಿಲ್ಲಿಸಿ ಮನೆಯಲ್ಲಿದ್ದುಕೊಂಡು ಚಿಕಿತ್ಸೆ ಪಡೆಯುತ್ತಿದ್ದಾಳೆ. ಕಳೆದ ಸಂಕ್ರಾಂತಿಗೆ ನಾನು ಅವಳ ಊರಿಗೆ ಹೋಗಿದ್ದೆ. ಅವಳ ತಾಯಿ ಬಡಿಸಿದರು. ತಂದೆ ಪಕ್ಕದಲ್ಲಿ ಕುಳಿತರು. ಒಂದು ಮುದ್ದೆಯನ್ನು ಅವಳು ನಿಧಾನವಾಗಿ, ಪೂರ್ತಿಯಾಗಿ ಉಂಡಳು. ನಾನು ಕ್ಷಮೆ ಕೇಳಿದೆ. "ನನಗೆ ಈಗಲೂ ಒಂದೊಂದು ದಿನ ಹಾಗೇ ಕಾಣುತ್ತೆ ಕಣೇ" ಎಂದಳು ಅವಳು, "ಆದರೆ ಕಂಡಿದ್ದನ್ನೆಲ್ಲ ನಂಬಬೇಕಾಗಿಲ್ಲ ಅಂತ ಕಲಿತಿದೀನಿ." ಮ್ಯುಲರ್ ಲಯರನ ಗೆರೆಗಳ ಪಾಠವನ್ನು ನನಗಿಂತ ಚೆನ್ನಾಗಿ ಅವಳು ಕಲಿತಿದ್ದಳು. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂಬ ಇನ್ನೊಂದು ಗಾದೆಯೂ ನಮ್ಮಲ್ಲಿದೆಯಷ್ಟೆ. ಆದರೆ ಹಾಗೆ ಪ್ರಮಾಣಿಸಿ ನೋಡುವಾಗ ಜೊತೆಗೆ ನಿಲ್ಲುವವರು ಬೇಕು.

ಅಂಗೈ ಹುಣ್ಣಿಗೆ ಕನ್ನಡಿ ಬೇಡ, ನಿಜ. ಅದಕ್ಕೆ ಬೇಕಾದುದು ಮದ್ದು. ಹುಣ್ಣಾದ ಕೈಯನ್ನು ಹಿಡಿದು ಕನ್ನಡಿಯ ಮುಂದೆ ಎಳೆಯುವ ಬದಲು, ಆ ಕೈ ಹಿಡಿದುಕೊಂಡು ವೈದ್ಯರ ಬಾಗಿಲಿಗೆ ನಡೆಯುವ ಬುದ್ಧಿಯನ್ನು ನಾವೆಲ್ಲರೂ ಕಲಿಯಬೇಕು. ನಾನು ತಡವಾಗಿ ಕಲಿತೆ. ಈ ಸಂಚಿಕೆಯನ್ನು ಓದುವ ಕಿರಿಯರು ಅಷ್ಟು ತಡಮಾಡದಿರಲಿ ಎಂಬುದೇ ನನ್ನ ಆಸೆ.